ಭಾನುಪ್ರಿಯ ಬರೆಯದ ಬಿರುಕು

ಬೈರಾಪಟ್ಟಣದ ಭಾನುಪ್ರಿಯ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಾಕುತ್ತಿದ್ದವಳು. ಹೆದ್ದಾರಿ ಪಕ್ಕದ ಪಾರ್ಕಿನಲ್ಲಿ ಕೋಟೆ ಏಳತೊಡಗಿದಾಗ ಅವಳಿಗೂ ಕರೆ ಬಂತು. ಯಾವುದೋ ದೇಶದ ಅರಮನೆಯ ಫೋಟೊ ಇಟ್ಟುಕೊಂಡು ಪಾರ್ಕಿನ ಯಜಮಾನರು ಮೊನಚು ಗೋಪುರಗಳನ್ನು ಎಬ್ಬಿಸಿದ್ದರು. ಸುತ್ತಲೂ ಕಲ್ಲುಬೆಟ್ಟಗಳಿದ್ದರೂ ಕೋಟೆಯಲ್ಲಿ ಒಂದು ಕಲ್ಲಿಲ್ಲ. ಕಬ್ಬಿಣದ ಜಾಲರಿ, ಮೇಲೆ ಸಿಮೆಂಟು. ಅದನ್ನು ಪುರಾತನವೆಂದು ನಂಬಿಸುವುದು ಅವಳ ಕೆಲಸ. ಪಾಚಿ ಬಳಿದಳು, ಬಿರುಕು ಬರೆದಳು. ಮಕ್ಕಳು ಆ ಬಿರುಕುಗಳನ್ನು ಮುಟ್ಟಿ ಮೋಸಹೋದಾಗ ನಗುತ್ತಿದ್ದಳು.

ಜನ ಮುಗಿಬಿದ್ದರು. ಕಾರಂಜಿಗೆಂದು ದೊಡ್ಡ ಗೋಪುರದೊಳಗೆ, ಮೊದಲ ನಕ್ಷೆಯಲ್ಲಿಲ್ಲದ ಟ್ಯಾಂಕು ಬಂತು. ಫೋಟೊ ತೆಗೆಸಿಕೊಳ್ಳಲು ಹೊರಗೊಂದು ಬಾಲ್ಕನಿಯೂ ಬಂತು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಬಾಲ್ಕನಿಯ ಕೆಳಗೆ ಬಣ್ಣ ತಿದ್ದುತ್ತಿದ್ದ ಅವಳ ಕುಂಚ ಒಂದು ಗೆರೆಯ ಮೇಲೆ ತಡೆದು ನಿಂತಿತು. ಆ ಗೆರೆ ಅವಳದಲ್ಲ. ಬೆರಳಿಟ್ಟಳು, ಬೆರಳು ಒಳಗೆ ಹೋಯಿತು. ಒಳಗೆ ಒದ್ದೆ.

ಟ್ಯಾಂಕಿಗೆ ನೀರು ಬಿಡುವ ನಿಯಾಜ್‌ಗೆ ತೋರಿಸಿದಳು. ಅವನು ದನಿ ತಗ್ಗಿಸಿದ. "ಟ್ಯಾಂಕ್ ತುಂಬ್ದಾಗೆಲ್ಲ ಒಳ್ಗೆ ಕಟಕಟ ಅಂತೈತೆ ಕಣಕ್ಕ."

ಅವಳು ಕರೆತಂದ ಮ್ಯಾನೇಜರ್ ರುದ್ರಪ್ರಸಾದ್ ತಲೆಯೆತ್ತಿ ಬಿರುಕು ನೋಡಿದ. "ಅದ್ಕೇನಾತು? ಅದ್ರ ಮೇಲೊಸಿ ಬಳ್ಳಿ ಬರ್ದ್ಬುಡಮ್ಮ."

ಬರೆದಳು. ಮಾರನೆಯ ದಿನ ಎಲೆಗಳ ನಡುವೆ ಸೀಳು ಕಂಡಿತು. ಮತ್ತೆ ಬರೆದಳು. ಭಾನುವಾರ ಬಾಲ್ಕನಿಯ ತುಂಬ ಜನ. ಕೆಳಗೆ ಅವಳು ಗೋಡೆಗೆ ಅಂಗೈ ಊರಿದಾಗ ಒಳಗೆ ಏನೋ ಜರುಗಿತು. ಬಣ್ಣದ ಡಬ್ಬ ಬಿಸಾಡಿ ಮೆಟ್ಟಿಲು ಹತ್ತಿ ಓಡಿದಳು. ಗೋಡೆ ಬೀಳುತ್ತದೆಂದರೆ ಯಾರು ಕೇಳುತ್ತಾರೆ?

"ಹಾವು! ಹಾವು ಬಂದೈತೆ, ಇಳೀರೀ!"

ಜನ ದಡಬಡನೆ ಇಳಿದರು. ರುದ್ರಪ್ರಸಾದ್ ಏದುಸಿರು ಬಿಡುತ್ತ ಬಂದ. "ಎಲ್ಲಮ್ಮ ಹಾವು?"

ಕೆಳಗಿಳಿದಿದ್ದ ಭಾನುಪ್ರಿಯ ಮೆಟ್ಟಿಲ ಬಾಗಿಲಿಗೆ ಅಡ್ಡ ನಿಂತಳು. "ಹಾವಿಲ್ಲ ಸಾರ್. ಆದ್ರೂ ಯಾರ್ನೂ ಹತ್ತಕ್ಕೆ ಬುಡಾಕಿಲ್ಲ."

ಅವನು ಬೈಯುತ್ತಿರುವಾಗಲೇ ಬಾಲ್ಕನಿ ಗೋಪುರದ ಒಂದು ಪಕ್ಕವನ್ನೂ ಕಿತ್ತುಕೊಂಡು ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅಂದೇ ಪಾರ್ಕು ಮುಚ್ಚಿತು.

ದಸರಾ ಹೊತ್ತಿಗೆ ರುದ್ರಪ್ರಸಾದನ ಫೋನ್ ಬಂತು. ಮುರಿದ ಗೋಪುರವನ್ನು ಯಜಮಾನರು ಹಾಗೇ ಉಳಿಸಿ, ಪಾಳು ಕೋಟೆ ಎಂದು ಹೆಸರಿಟ್ಟು ಪಾರ್ಕು ಮತ್ತೆ ತೆರೆದಿದ್ದಾರೆ; ಮುರಿದ ಅಂಚಿಗೆ ಹೊಗೆಯ ಕಲೆ ಬರೆಯಬೇಕು.

ನೋಡಿ ಬರೋಣವೆಂದು ಹೋದಳು. ಗೋಪುರದ ಬುಡದಲ್ಲಿ ಜನ ಫೋಟೊಗೆ ಸಾಲುಗಟ್ಟಿದ್ದರು. ಮೇಲೆ ಟ್ಯಾಂಕಿಗೆ ನೀರು ಬೀಳುವ ಸದ್ದು. ನಿಯಾಜ್ ಅವಳನ್ನು ಕಂಡು ಮುಖ ತಿರುಗಿಸಿದ.

"ಅಲ್ ನಿಲ್ಬ್ಯಾಡ್ರಣ್ಣೋ, ಬೀಳ್ತದೆ!" ಎಂದು ಕೂಗಿದಳು.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬಾತ ನಕ್ಕ. "ಇದು ಡಿಸೈನು ಕಣಮ್ಮ. ಹಂಗೇ ಮಾಡವ್ರೆ."

ಅವನ ಕೂದಲ ಮೇಲೆ ಸಿಮೆಂಟಿನ ಪುಡಿ ಉದುರುತ್ತಿತ್ತು.