ಯಶೋಧಾ ತೋರಿಸಿದ ಸರೋಜಳ ಮನೆ

ಸಾಗರದಲ್ಲಿ ಮನೆ ಕೊಳ್ಳುವವರಿಗೂ ಮಾರುವವರಿಗೂ ಯಶೋಧಾಳ ಹೆಸರು ಗೊತ್ತು. ಮೊದಲು ಆಕೆ ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುತ್ತಿದ್ದಳು. ಭಣಗುಡುವ ಛತ್ರವನ್ನು ಮದುವೆಮನೆಯನ್ನಾಗಿ ಮಾಡಿ ಮಾಡಿ, ಖಾಲಿ ಜಾಗಕ್ಕೆ ಜೀವ ತುಂಬುವುದು ಅವಳ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಬ್ರೋಕರ್ ಕೆಲಸಕ್ಕೆ ಇಳಿದ ಮೇಲೂ ಅದನ್ನೇ ಮಾಡಿದಳು. ಬೇರೆಯವರು ಬೀಗ ತೆಗೆದು, ಇದು ಹಾಲು, ಇದು ರೂಮು ಎಂದು ತೋರಿಸಿ ಹೊರಟರೆ, ಇವಳು ಒಂದು ಭಾನುವಾರ ಗೊತ್ತುಮಾಡಿ ಬಾಗಿಲನ್ನು ಎಲ್ಲರಿಗೂ ತೆರೆದಿಡುತ್ತಿದ್ದಳು. ಜಗುಲಿಯಲ್ಲಿ ಚಾಪೆ, ಒಲೆಯ ಮೇಲೆ ಕಾಫಿ, ಸಣ್ಣಗೆ ಹಾಡುವ ರೇಡಿಯೊ. ನೆರೆಮನೆಯವರನ್ನೂ ಕರೆದು ಕೂರಿಸುತ್ತಿದ್ದಳು.

"ಖಾಲಿ ಮನೆ ತೋರ್ಸಿದ್ರೆ ಕೊಳ್ಳೋ ಪಾರ್ಟಿಯವ್ರು ಗೋಡೆ ಬಿರುಕು ನೋಡ್ತಾರೆ. ತುಂಬಿದ್ ಮನೆ ತೋರ್ಸಿದ್ರೆ ತಾವೆಲ್ಲಿ ಕೂರೋದು ಅಂತ ನೋಡ್ತಾರೆ" ಎನ್ನುತ್ತಿದ್ದಳು.

ಹೊಸನಗರದ ರವೀಂದ್ರನ ತಾರಸಿ ಮನೆ ಅವಳ ಕೈಗೆ ಬಂದದ್ದು ಈ ಹೆಸರಿನಿಂದಲೇ. ರವೀಂದ್ರ ಪೇಟೆಯಲ್ಲಿ ನೀರಿನ ಮೋಟಾರು ರಿಪೇರಿ ಮಾಡುತ್ತಿದ್ದವನು. ಹೆಂಡತಿ ಸರೋಜ ಒಂದು ಬೆಳಿಗ್ಗೆ ಅಡುಗೆಮನೆಯಲ್ಲೇ ಕುಸಿದು ತೀರಿಕೊಂಡ ಮೇಲೆ, ಮನೆಗೆ ಬೀಗ ಹಾಕಿ ತೀರ್ಥಹಳ್ಳಿಯಲ್ಲಿ ತಮ್ಮನ ಮನೆ ಸೇರಿದ್ದ. ಬೀಗ ಹಾಕಿದ ಆ ಮನೆಯಿಂದ ಬೆಳಗಿನ ಹೊತ್ತು ಒಗ್ಗರಣೆಯ ವಾಸನೆ ಬರುತ್ತದೆಂದು ಬೀದಿಯಲ್ಲೆಲ್ಲ ಮಾತಿತ್ತು. ನೋಡಲು ಬಂದವರು ಗೇಟಿನಿಂದಲೇ ಹಿಂದಿರುಗುತ್ತಿದ್ದರು.

"ಸಾಮಾನೆಲ್ಲ ಹಿಂದಿನ ರೂಮಲ್ಲಿ ಇದೆ. ನಾ ಮಾತ್ರ ಬರಲ್ಲ" ಎಂದು ರವೀಂದ್ರ ಬೀಗದ ಕೈ ಕೊಟ್ಟ.

ಯಶೋಧಾ ಹೆದರುವವಳಲ್ಲ. ಒಗ್ಗರಣೆ ವಾಸನೆ ತಾನೇ, ನಾನೇ ಹಾಕಿ ತೋರಿಸುತ್ತೇನೆ, ಎಲ್ಲಿಂದ ಬರುತ್ತದೆಂದು ಜನ ಕಣ್ಣಾರೆ ನೋಡಲಿ ಎಂದುಕೊಂಡಳು. ಶನಿವಾರವೇ ಹೋಗಿ ಕಿಟಕಿಗಳನ್ನು ತೆರೆದು, ಟಾರ್ಪಾಲಿನಡಿಯ ಸಾಮಾನುಗಳನ್ನು ಹೊರತೆಗೆದಳು. ಗೋಡೆಯ ಒಂದು ಕಡೆ ಮಾತ್ರ ಬಣ್ಣ ಮಾಸಿರಲಿಲ್ಲ. ಕನ್ನಡಿಯನ್ನು ಅಲ್ಲಿ ತೂಗುಹಾಕಿದಳು. ನೆಲದ ಮೇಲೆ ಹೊಲಿಗೆ ಮಷೀನಿನ ಕಾಲು ಊರಿದ ಗುರುತಿತ್ತು. ಮಷೀನನ್ನು ಅಲ್ಲಿಗೆ ಎಳೆದಳು. ಹಿತ್ತಿಲಲ್ಲಿ ಬಿಟ್ಟಿದ್ದ ಗೋರಟೆ ಹೂವನ್ನು ಚೊಂಬಿಗೆ ಹಾಕಿ ಎಲ್ಲಿಡಲಿ ಎಂದು ನೋಡುವಾಗ, ಅಡುಗೆಮನೆಯ ಕಿಟಕಿಕಟ್ಟೆಯಲ್ಲಿ ದುಂಡನೆಯ ನೀರಿನ ಕಲೆ ಕಾಣಿಸಿತು. ಚೊಂಬು ಅದರ ಮೇಲೆ ಅಳತೆ ತೆಗೆದ ಹಾಗೆ ಕೂತಿತು. ಯಶೋಧಾ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಚೊಂಬನ್ನು ತೆಗೆಯಲಿಲ್ಲ.

ಭಾನುವಾರ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಬೆನ್ನ ಹಿಂದೆ ಯಾರೋ "ಸರೋಜಾ" ಎಂದರು. ತಿರುಗಿದರೆ ಪಕ್ಕದ ಮನೆಯ ಗುತ್ಯಮ್ಮ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಎಂತ ಮಾರಾಯ್ತಿ ಇದು! ಚೊಂಬು ಅಲ್ಲೇ ಇಡ್ಬೇಕು ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲಮ್ಮ. ಕಲೆ ನೋಡಿ ಇಟ್ಟೆ" ಎಂದಳು ಯಶೋಧಾ. ಗುತ್ಯಮ್ಮ ಒಳಗೆ ಕಾಲಿಡಲಿಲ್ಲ.

ಅಷ್ಟರಲ್ಲಿ ಜೋಗದ ಪವರ್‌ಹೌಸಿನಲ್ಲಿ ಕೆಲಸ ಮಾಡುವ ಕೃಷ್ಣಕುಮಾರ್, ಹೆಂಡತಿ ಸ್ವಪ್ನಾಳ ಜೊತೆ ಮನೆ ನೋಡಲು ಬಂದ. ಅವರ ಹಿಂದೆಯೇ, ಬರುವುದಿಲ್ಲ ಎಂದಿದ್ದ ರವೀಂದ್ರ. ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಕನ್ನಡಿಯ ಕೆಳಗೆ ಗೋಡೆಗೆ ಒರಗಿ ಕೂತ. ತಲೆಯೆತ್ತದೆ ಕೈ ಚಾಚಿದ. ಯಶೋಧಾ ಕಾಫಿ ಲೋಟ ಕೊಟ್ಟಳು. ಒಂದು ಗುಟುಕು ಕುಡಿದು ತಲೆಯೆತ್ತಿದವನು ಅವಳ ಮುಖ ಕಂಡು, ಲೋಟ ನೆಲದ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸ್ವಪ್ನಾ ಗಂಡನ ಅಂಗಿ ಜಗ್ಗಿ ಮೆಲ್ಲಗೆ ಹೊರಗೆ ಕರೆದುಕೊಂಡು ಹೋದಳು.

ಎಲ್ಲರೂ ಹೋದ ಮೇಲೆ ರವೀಂದ್ರ ಕೇಳಿದ: "ಬರೋ ಭಾನ್ವಾರನೂ ಹಿಂಗೇ ಮಾಡ್ತೀರಾ?"

ಮಾಡಿದಳು. ಅದರ ಮುಂದಿನ ವಾರವೂ. ಕೇಳಿ ಬಂದವರಿಗೆಲ್ಲ ರವೀಂದ್ರ ಇನ್ನೂ ತೀರ್ಮಾನವಾಗಿಲ್ಲ ಎನ್ನುತ್ತಿದ್ದ. ತಾನು ಮಾತ್ರ ತಪ್ಪದೆ ಬಂದು ಕೂರುತ್ತಿದ್ದ. ಯಶೋಧಾಳಿಗೂ ಬಿಡಲಾಗಲಿಲ್ಲ. ಸಾಗರದ ತನ್ನ ಅಡುಗೆಮನೆಯಲ್ಲಿ ಉಪ್ಪಿಗೆ ಕೈ ಚಾಚಿದರೆ, ಕೈ ಹೋಗುತ್ತಿದ್ದುದು ಸರೋಜಳ ಅಡುಗೆಮನೆಯಲ್ಲಿ ಉಪ್ಪಿನ ಗೂಡಿದ್ದ ದಿಕ್ಕಿಗೆ. ಅಲ್ಲಿ ಬರೀ ಗೋಡೆ.

"ಎಂತ ಹುಡುಕ್ತಿದೀಯೆ?" ಎಂದು ಗಂಡ ಹೂವಪ್ಪ ಕೇಳುತ್ತಿದ್ದ.

ಒಂದು ಭಾನುವಾರ ಬೇಲಿಯಾಚೆಯಿಂದ ಗುತ್ಯಮ್ಮ ಬಾಯಿತಪ್ಪಿ ಕೂಗಿದಳು, "ಸರೋಜಾ, ಒಂಚೂರು ಬೆಲ್ಲ ಇದ್ರೆ ಕೊಡೇ."

"ತಂದೆ ಕಣಕ್ಕಾ" ಎಂದು ಯಶೋಧಾ ಡಬ್ಬಿಗೆ ಕೈ ಹಾಕಿದಳು. ಆಮೇಲೆ ಬೆಚ್ಚಿದಳು. ಆ ಧ್ವನಿ ತನ್ನದಾಗಿರಲಿಲ್ಲ. ಗುತ್ಯಮ್ಮನನ್ನು ಅವಳು ಯಾವತ್ತೂ ಅಕ್ಕ ಎಂದು ಕರೆದವಳಲ್ಲ. ಬೇಲಿಯಾಚೆ ಗುತ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಆವತ್ತು ರವೀಂದ್ರ ಬಂದಾಗ ಯಶೋಧಾ ಕಾಫಿ ಕೊಡಲಿಲ್ಲ. ಎದುರಿಗೆ ಕೂತಳು.

"ಅಣ್ಣಾ, ನಾ ಮನೆ ತೋರ್ಸೋಳು. ಇಲ್ಲಿ ನಿಮಗೆ ಸರೋಜಕ್ಕನ್ನ ತೋರಿಸ್ತಾ ಇದೀನಿ. ನಂಗೆ ಹೆದ್ರಿಕೆ ಆಗ್ತದೆ."

ರವೀಂದ್ರ ಅಡುಗೆಮನೆಯ ಬಾಗಿಲ ಕಡೆ ನೋಡಿದ. "ಅವ್ಳು ಬಿದ್ದಾಗ ನಾ ಅಂಗಡೀಲಿದ್ದೆ. ಓಡಿ ಬಂದ್ರೆ ಮನೆ ತುಂಬ ಜನ. ಒಗ್ಗರಣೆ ಸೀದು ಹೊಗೆ. ಅವ್ಳ ಹತ್ರ ಒಂದು ಮಾತಾಡಕ್ಕೂ ಆಗ್ಲಿಲ್ಲ. ಇಲ್ಲಿ ಕೂತ್ರೆ, ಇನ್ನೇನು ಅಡುಗೆಮನೆಯಿಂದ ಬರ್ತಾಳೆ ಅನ್ಸುತ್ತೆ."

"ಅವ್ರ ಬದ್ಲು ನಾನು ಬರ್ತಾ ಇದೀನಲ್ಲ ಅಣ್ಣಾ. ಅದೇ ಕಷ್ಟ ಆಗಿದ್ದು."

ಮುಂದಿನ ಭಾನುವಾರವೂ ಬಾಗಿಲು ತೆರೆದಿತ್ತು. ಆದರೆ ಯಶೋಧಾ ಕೊಳ್ಳುವವರನ್ನು ಕರೆಯಲಿಲ್ಲ. ಸರೋಜಳನ್ನು ಬಲ್ಲವರನ್ನು ಕರೆದಳು. ಒಲೆ ಹಚ್ಚಲಿಲ್ಲ. ಬೀದಿಯ ಹೆಂಗಸರು ಮೊದಲು ಅಳುಕಿದರು, ಆಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದರು. ರವೀಂದ್ರ ತಾನೇ ಒಂದೊಂದು ಸಾಮಾನನ್ನು ಎತ್ತಿ ಕೊಟ್ಟ. ಗುತ್ಯಮ್ಮನಿಗೆ ಬೆಲ್ಲದ ಡಬ್ಬಿ. ಸರೋಜಳ ಹತ್ತಿರ ಹೊಲಿಗೆ ಕಲಿತಿದ್ದ ಬಿಂದುಶ್ರೀಗೆ ಮಷೀನು. ಅದನ್ನು ಹೊರಗೆ ಸಾಗಿಸುವಾಗ ಚಕ್ರ ತಾನಾಗಿ ಒಂದು ಸುತ್ತು ತಿರುಗಿತು. ಕನ್ನಡಿಯನ್ನು ರವೀಂದ್ರ ತನಗೆ ಇಟ್ಟುಕೊಂಡ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಮಾತಾಡಿದರೆ ಮಾರ್ದನಿ ಬರುತ್ತಿತ್ತು. ಯಶೋಧಾ ಕಿಟಕಿಕಟ್ಟೆಯ ಕಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಅರ್ಧ ಹೋಯಿತು.

ಸುಣ್ಣ ಬಳಿಸಿದ ಮೇಲೆ ಕೃಷ್ಣಕುಮಾರ್, ಸ್ವಪ್ನಾ ಮತ್ತೆ ಬಂದರು. ಮನೆಯಲ್ಲಿ ಚಾಪೆಯಿಲ್ಲ, ಹೂವಿಲ್ಲ. ಯಶೋಧಾ ಮೊದಲಿಗೇ, ಸರೋಜ ಯಾರು, ಎಲ್ಲಿ ಬಿದ್ದಳು ಎಂಬುದನ್ನೆಲ್ಲ ಹೇಳಿದಳು. ಸ್ವಪ್ನಾ ಆ ಜಾಗವನ್ನು ನೋಡುತ್ತ ನಿಂತು, "ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬರ್ತದೆ?" ಎಂದು ಕೇಳಿದಳು. ಮನೆಯನ್ನು ಅವರೇ ಕೊಂಡರು.

ಯಶೋಧಾ ಈಗಲೂ ಭಾನುವಾರಗಳಂದು ಮನೆ ತೆರೆಯುತ್ತಾಳೆ. ಅದಕ್ಕೆ ಮುಂಚೆ ಆ ಮನೆಯಲ್ಲಿ ಬಾಳಿದವರ ಹೆಸರು ಕೇಳಿ ತಿಳಿದುಕೊಂಡು, ಹಳೆಯ ಮೊಳೆಗಳನ್ನೆಲ್ಲ ಕೀಳುತ್ತಾಳೆ. ರವೀಂದ್ರ ಹೊಸನಗರಕ್ಕೆ ವಾಪಸು ಬಂದು ಅಂಗಡಿ ತೆರೆದಿದ್ದಾನೆ. ಸ್ವಪ್ನಾ ಒಮ್ಮೆ ಅವನನ್ನು ಊಟಕ್ಕೆ ಕರೆದಳಂತೆ. ಅವನು ಗೇಟಿನ ತನಕ ಬಂದು, ಒಳಗೆ ಅವಳ ಮಕ್ಕಳ ಗಲಾಟೆ ಕೇಳುತ್ತ ಸ್ವಲ್ಪ ಹೊತ್ತು ನಿಂತು, ಇನ್ನೊಂದು ಸಲ ಬರ್ತೀನಮ್ಮ ಎಂದು ಹೇಳಿ ಹೋದನಂತೆ.