ನೋಲೀನಳ ಪೊಟ್ಟಣ
ಮನೆಯಲ್ಲೇ ಸಾರಾಯಿ ಬಟ್ಟಿ ಇಳಿಸಲು ಕಾನೂನಿನ ಅಡ್ಡಿಯಿಲ್ಲದ ಗಣಿಯೂರು ಗ್ರೇಮೌತ್‌ನಲ್ಲಿ, ಹಾಗೆ ಇಳಿಸುವವರಿಗೆ ಸಾಮಾನು ಮಾರುವ ನೋಲೀನ್ ಪ್ಯಾಸ್ಕೋ, ಸಕ್ಕರೆ, ಯೀಸ್ಟ್ ಕೊಂಡವರನ್ನು ಯೀಸ್ಟಿನ ಪೋಷಕಾಂಶದ ಪೊಟ್ಟಣವಿಲ್ಲದೆ ಬಾಗಿಲು ದಾಟಲು ಬಿಡುವುದಿಲ್ಲ. "ಬರೀ ಸಕ್ಕರೆ ನೀರಲ್ಲಿ ಅವು ಹೆಂಗ್ರೀ ಬದುಕ್ತಾವೆ?" ಎಂದು ಪಾದ್ರಿಯನ್ನೂ ಗದರುತ್ತಾಳೆ. ಪೀಪಾಯಿಯಲ್ಲಿ ಹುದುಗಿನ ಗುಳ್ಳೆ ಏಳುವುದು ನಿಂತಿತೆಂದು ಫೋನ್ ಮಾಡಿದವರಿಗೆ, "ಊಟ ಹಾಕಿದ್ರಾ?" ಎನ್ನುತ್ತಾಳೆ. ಯೀಸ್ಟ್ ಕೊಳ್ಳಲು ಬಂದ ಪೊಲೀಸಿನವನೊಬ್ಬ ಪೊಟ್ಟಣ ಮರೆತು ಹೊರಟಾಗ ಸೇತುವೆಯವರೆಗೂ ಬೆನ್ನಟ್ಟಿ ಓಡಿದ್ದಳು. ಮೊನ್ನೆ ಗಣಿಯ ಮುದುಕ ಕ್ಲಾರಿ ಕಿಚಾಯಿಸಿದ: "ಯೀಸ್ಟಿಗೂ ತಾಯಿಯಾದ್ಯೇನೇ, ನೋಲೀನ್?" ಅವಳು ನಗಲಿಲ್ಲ. "ಗಣಿ ಮುಷ್ಕರದ ಚಳಿಗಾಲದಲ್ಲಿ ಅಮ್ಮ ನಮಗೆ ಬ್ರೆಡ್ಡಿಗೆ ಸಕ್ಕರೆ ಉದುರಿಸಿ ಕೊಡ್ತಿದ್ಲು. ಮೂರು ತಿಂಗಳು ಅದೇ ಊಟ. ನನ್ನ ತಮ್ಮ ಉಳೀಲಿಲ್ಲ ಕ್ಲಾರಿ," ಎಂದಳು. ಕ್ಲಾರಿ ಟೊಪ್ಪಿಗೆ ತೆಗೆದು, ಮೆಲ್ಲಗೆ ಎರಡು ಪೊಟ್ಟಣ ಕೇಳಿದ. "ನಿನ್ನ ಪೀಪಾಯಿಗೆ ಒಂದೇ ಸಾಕು, ಹೆಚ್ಚಾದ್ರೆ ರುಚಿ ಕೆಡುತ್ತೆ," ಎಂದು ಅವಳು ಇನ್ನೊಂದನ್ನು ಕಪಾಟಿಗೆ ವಾಪಸಿಟ್ಟಳು.