ಗಡಿಯಾರದಮ್ಮನ ಸುತ್ತು

ಮಕ್ಕಳ ತುರ್ತು ಚಿಕಿತ್ಸಾ ವಿಭಾಗದ ಹೊರಗಿನ ಹಜಾರದಲ್ಲಿ ಹೆಸರು ಬರೆದುಕೊಳ್ಳುವ ಹೆಂಗಸನ್ನು ಎಲ್ಲರೂ ಗಡಿಯಾರದಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದೊಳಗೆ ತಣ್ಣಗೆ ಮಲಗಿತ್ತು.

ಬಿರುದು ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರು ಏನು ಕೇಳಿದರೂ ಆಕೆಯ ಬಾಯಲ್ಲಿ ಒಂದೇ ಉತ್ತರ: "ಐದೇ ನಿಮಿಷ, ಕೂತ್ಕೊಳ್ಳಿ." ಮೊಮ್ಮಗಳನ್ನು ಕರೆತಂದಿದ್ದ ಒಬ್ಬ ಅಜ್ಜ ಆ ಐದೈದು ನಿಮಿಷಗಳನ್ನು ಚೀಟಿಯ ಹಿಂದೆ ಗೀಟು ಹಾಕಿ ಎಣಿಸಿದರು. ಇಪ್ಪತ್ತನಾಲ್ಕು ಗೀಟಾದ ಮೇಲೆ ಎದ್ದು ಬಂದು, "ತಾಯಿ, ಎರಡು ಗಂಟೆ ಅಂತ ಮೊದಲೇ ಹೇಳಿದ್ರೆ ನಿನ್ನನ್ನೇನು ನುಂಗಿಬಿಡ್ತಿದ್ನಾ? ಮಗೂಗೆ ಒಂದು ಲೋಟ ಹಾಲಾದ್ರೂ ಕುಡಿಸ್ಕೊಂಡು ಬರ್ತಿದ್ದೆ" ಎಂದರು. ಗದರಿದ್ದರೆ ತಿರುಗಿ ಗದರಬಹುದಿತ್ತು. ಅವರು ಗದರಲಿಲ್ಲವಲ್ಲ, ಆಕೆ ನಾಚಿಕೆಯಿಂದ ತಲೆ ಎತ್ತದಾದಳು.

ಅಂದಿನಿಂದ ಅರ್ಧ ಗಂಟೆಗೊಮ್ಮೆ ಒಳಗೆ ಹೋಗಿ ನರ್ಸಮ್ಮನನ್ನು ಕೇಳಿಕೊಂಡು ಬಂದು, ಬೆಂಚಿನಿಂದ ಬೆಂಚಿಗೆ ಸುತ್ತು ಹಾಕುವುದು ಶುರುವಾಯಿತು. "ನಿಮಗೆ ಇನ್ನೂ ಮುಕ್ಕಾಲು ಗಂಟೆ ಕಣಮ್ಮ, ಹೋಗಿ ಏನಾದ್ರೂ ತಿಂದ್ಕೊಂಡು ಬನ್ನಿ. ನಿಮ್ಮದು ಒಂದು ಗಂಟೆ ಸಾರ್. ಈಗ ಒಳಗೆ ಹೋದ ಮಗೂಗೆ ಉಸಿರಾಡೋಕೇ ಕಷ್ಟ, ಅದಕ್ಕೇ ಅದು ಮೊದಲು. ನಿಮ್ಮ ಮಗ ಹೆಂಗೆ ಕಿರುಚ್ತಾ ಇದ್ದಾನೆ ನೋಡಿ, ಉಸಿರಿಗೇನೂ ಬರ ಇಲ್ಲ!" ಅಳುಮುಖದ ಅಪ್ಪಂದಿರೂ ನಕ್ಕುಬಿಡುತ್ತಿದ್ದರು.

ಎಡವಟ್ಟಾದದ್ದು ಈ ನಗುವಿನಿಂದಲೇ. ಮನೆಗೆ ಹೊರಟವರಿಗೆ ಆಸ್ಪತ್ರೆ ಒಂದು ಅಭಿಪ್ರಾಯದ ಫಾರಂ ಕೊಡುತ್ತಿತ್ತು. ಈಕೆಯ ಪಾಳಿಯಲ್ಲಿ ಬಂದವರೆಲ್ಲ "ಹೆಚ್ಚು ಕಾಯಿಸಲಿಲ್ಲ" ಎಂದು ಬರೆದಿದ್ದರು. ರಿಜಿಸ್ಟರ್ ನೋಡಿದರೆ ಕಾದದ್ದು ಎಲ್ಲ ಪಾಳಿಯಲ್ಲೂ ಅಷ್ಟೇ ಹೊತ್ತು. ಆಫೀಸಿನ ಸಾಹೇಬರಿಗೆ ಅನುಮಾನ ಹೊಕ್ಕಿತು: ಫಾರಂಗಳನ್ನು ಈಕೆಯೇ ತುಂಬುತ್ತಿದ್ದಾಳೆ. ಹೌದೆಂದಾದರೆ ಬಟ್ಟೆ ಉಗ್ರಾಣಕ್ಕೆ ವರ್ಗ ಎಂದುಬಿಟ್ಟರು. ಆಕೆ ದಿಗಿಲುಬಿದ್ದಳು. ಮಕ್ಕಳಿಲ್ಲದ ಕೋಣೆಯಲ್ಲಿ, ದಿಂಬುಗಳಿಗೆ ಸಮಾಧಾನ ಹೇಳಿಕೊಂಡಿರುವುದೇ?

ಮಂಗಳವಾರ ಬೆಳಗ್ಗೆ ಸಾಹೇಬರು ಖುದ್ದಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತರು. "ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೊಂಡು ಕೆಲಸ ಮಾಡಿ" ಎಂದರು. ಆಕೆ ಹಾಗೆಯೇ ಅಂದುಕೊಂಡಳು.

ಸಾಹೇಬರ ಪಕ್ಕದಲ್ಲಿ, ಮೂಗಿಗೆ ಮಣಿ ತೂರಿಸಿಕೊಂಡ ಮಗಳೊಂದಿಗೆ ಒಬ್ಬ ತಾಯಿ ಕೂತಿದ್ದಳು. ಗಡಿಯಾರದಮ್ಮ ಮಾಡಿದ್ದನ್ನೆಲ್ಲ ಸ್ವಲ್ಪ ಹೊತ್ತು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಸಾಕಾಗಿ ಸಾಹೇಬರು ಅದನ್ನು ಮುಚ್ಚಿದರು. ದೊಡ್ಡ ಡಾಕ್ಟರನ್ನು ಒಂದು ಮಾತು ಕೇಳಬೇಕಿತ್ತು. "ಈಗ ಬರ್ತಾರೆ, ಕೂತಿರಿ ಸಾರ್" ಎಂದ ಬಾಗಿಲ ಕಾವಲಿನವನು. ಕೂತರು. ಕಾಲು ಕುಣಿಸಿದರು. ಬಾಗಿಲು ಅಲ್ಲಾಡಿದಾಗಲೆಲ್ಲ ಅರ್ಧ ಎದ್ದರು. ಗಡಿಯಾರದಮ್ಮ ಬಂದು, "ಮಣಿ ತೆಗೆಯೋ ಡಾಕ್ಟರು ಒಬ್ಬ ಹುಡುಗನ ಮುರಿದ ಕೈಗೆ ಪಟ್ಟಿ ಹಾಕ್ತಿದ್ದಾರೆ, ನಿಮಗಿನ್ನೂ ಇಪ್ಪತ್ತು ನಿಮಿಷ" ಎಂದು ತಾಯಿಗೆ ಹೇಳಿ, ಇಲ್ಲವೇ ಇಲ್ಲದ ಸಾಹೇಬರನ್ನು ದಾಟಿ ಹೋದಳು.

ಸಾಹೇಬರ ತಾಳ್ಮೆ ಕಿತ್ತುಹೋಯಿತು. "ಏನಮ್ಮಾ ಇದು! ಅರ್ಧ ದಿನದಿಂದ ಕಾಯ್ತಿದ್ದೀನಿ, ಹೇಳೋರು ಕೇಳೋರು ಯಾರೂ ಇಲ್ವಾ ಇಲ್ಲಿ?"

ಎಲ್ಲರೂ ತಿರುಗಿ ನೋಡಿದರು. ಆ ತಾಯಿ ಮೆಲ್ಲಗೆ ಅಂದಳು: "ಸಾರ್, ನೀವು ಡಾಕ್ಟರು ಬೇಕು ಅಂತ ಕೇಳಿ ನಲವತ್ತು ನಿಮಿಷ ಆಗಿದೆ, ಅಷ್ಟೆ. ನಾನು ಬಂದು ಒಂದೂವರೆ ಗಂಟೆ ಆಯ್ತು."

"ನಿಮಗೆ ಬೇಜಾರಾಗ್ಲಿಲ್ವಾ?"

"ಆಗದೇ ಇರುತ್ತಾ ಸಾರ್? ಆದ್ರೆ ಯಾವಾಗ ಕರೀತಾರೆ ಅಂತ ಗೊತ್ತಿತ್ತಲ್ಲ."

ಸಾಹೇಬರ ಕಿವಿ ಕೆಂಪಾಯಿತು. ಗಡಿಯಾರದಮ್ಮನ ಕಡೆ ತಿರುಗಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ನನ್ನದೂ ಸ್ವಲ್ಪ ಒಳಗೆ ಕೇಳ್ಕೊಂಡು ಬರ್ತೀರಾ?" ಎಂದರು.

ಆಕೆ ಹೋಗಿ ಬಂದಳು. "ಡಾಕ್ಟರ ಕೈಯಲ್ಲಿ ಒಂದು ಕೂಸಿದೆ ಸಾರ್, ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು. ಈಗ ಕಣ್ಣು ಬಿಟ್ಟಿದೆ. ನಿಮಗೆ ಇನ್ನೊಂದು ಗಂಟೆ ಆಗುತ್ತೆ."

ಸಾಹೇಬರು ಉಸಿರು ಬಿಟ್ಟು ಬೆಂಚಿಗೆ ಒರಗಿದರು. "ಒಂದು ಗಂಟೆ ತಾನೆ? ಕಾಯ್ತೀನಿ ಬಿಡಿ" ಎಂದವರು ತಮ್ಮ ಮಾತಿಗೆ ತಾವೇ ನಕ್ಕರು. "ಉಗ್ರಾಣದ ಮಾತು ಮರೆತುಬಿಡಿ ತಾಯಿ. ನಾಳೆಯಿಂದ ಬೇರೆ ಪಾಳಿಯವರನ್ನೂ ನಿಮ್ಮ ಸುತ್ತಿಗೆ ಕರ್ಕೊಂಡು ಹೋಗಿ."

ಆಕೆಗೆ ಹಿಗ್ಗೋ ಹಿಗ್ಗು, ಕಣ್ಣಲ್ಲಿ ನೀರು. "ಆಗ್ಲಿ ಸಾರ್, ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ಹೇಳ್ತೀನಿ" ಎಂದು ಮುಂದಿನ ಬೆಂಚಿಗೆ ಹೋದಳು.